ಬೆಲ್ಲ ಗಟ್ಟಿಗೊಳ್ಳದಿದ್ದರೆ ತಪ್ಪು ಯಾರದು?

ಕೃಷ್ಣರಾಜಸಾಗರದ ನೀರುಂಡು ಬೆಳೆದ ಕಬ್ಬಿನಿಂದ ಶ್ರೀರಂಗಪಟ್ಟಣ, ಪಾಂಡವಪುರ ಸೀಮೆಯ ಆಲೆಮನೆಗಳು ತಲೆಮಾರುಗಳಿಂದ ಬೆಲ್ಲ ತಯಾರಿಸುತ್ತ ಬಂದಿವೆ. ಈ ಕಸುಬಿನವರಿಗೆಲ್ಲ ಪರಿಚಿತವಾದ ಸಂಕಟವೊಂದುಂಟು. ಕೊಪ್ಪರಿಗೆಯಿಂದ ಇಳಿಸಿದ ಪಾಕ ಅಚ್ಚಿಗೆ ಸುರಿದ ಮೇಲೂ ಗಟ್ಟಿಗೊಳ್ಳದೆ ಅಂಟಾಗಿಯೇ ಉಳಿಯುತ್ತದೆ; ಬಣ್ಣವೂ ಕಪ್ಪಡರುತ್ತದೆ. ಅಂತಹ ಬೆಲ್ಲಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಆಗ ಬೈಗುಳ ಬೀಳುವುದು ಪಾಕ ನೋಡುವಾತನಿಗೆ. ಮರುದಿನ ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಪುಡಿಯನ್ನು ಹೆಚ್ಚಾಗಿ ಸುರಿಯುವುದೂ ಉಂಟು. ಬೈದುದರಿಂದ ಬೆಲ್ಲ ಗಟ್ಟಿಯಾಗದು. ಹೈಡ್ರೋಸಿನಿಂದ ಬಣ್ಣ ತಿಳಿಯಾದರೂ ಗಂಧಕದ ಅಂಶ ಬೆಲ್ಲದಲ್ಲಿ ಉಳಿದು, ನಮ್ಮ ದೋಷವು ತಿನ್ನುವವರ ಮನೆ ಸೇರುತ್ತದೆ. ಹಾಗಾದರೆ ದೋಷದ ಮೂಲವೆಲ್ಲಿದೆ?

ಈ ಪ್ರಶ್ನೆಯನ್ನೇ ತಮ್ಮ ಕಾರ್ಯವಿಧಾನದ ತಳಹದಿಯಾಗಿಸಿಕೊಂಡವರು ಜಪಾನಿನ ಟೊಯೊಟಾ ಸಂಸ್ಥೆಯವರು. ನಾವು ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿಯೇ, ಬಿಡದಿಯಲ್ಲಿ, ಅವರ ಸಹಯೋಗದ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯ ಕಾರ್ಖಾನೆಯಿದೆ. ಸಂಸ್ಥೆ ಆರಂಭವಾದದ್ದು 1997ರಲ್ಲಿ. ಕಾಲ, ಶ್ರಮ, ಸಾಮಗ್ರಿ ಯಾವುದೂ ವ್ಯರ್ಥವಾಗದಂತೆ ವಸ್ತುವನ್ನು ತಯಾರಿಸುವ ಟೊಯೊಟಾ ವಿಧಾನವನ್ನು ಜಗತ್ತು ಇಂದು ‘ಲೀನ್’ ಎಂದು ಕರೆಯುತ್ತದೆ.

ಐದು ಬಾರಿ ‘ಏಕೆ?’

ಈ ವಿಧಾನವನ್ನು ರೂಪಿಸಿದವರಲ್ಲಿ ಪ್ರಮುಖರಾದ ತೈಚಿ ಓನೊ (1912–1990) ನೀಡಿದ ನಿದರ್ಶನ ಪ್ರಸಿದ್ಧವಾದುದು. ಯಂತ್ರವೊಂದು ನಿಂತುಹೋಯಿತು. ಏಕೆ? ಭಾರ ಹೆಚ್ಚಾಗಿ ಫ್ಯೂಸ್ ಸುಟ್ಟಿತು. ಭಾರ ಹೆಚ್ಚಿದ್ದೇಕೆ? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಅದೇಕೆ? ಎಣ್ಣೆಯ ಪಂಪು ಸರಿಯಾಗಿ ಎತ್ತಲಿಲ್ಲ. ಅದೇಕೆ? ಪಂಪಿನ ದಂಡ ಸವೆದಿತ್ತು. ಸವೆದದ್ದೇಕೆ? ಜರಡಿಯಿಲ್ಲದೆ ಲೋಹದ ಚೂರುಗಳು ಒಳಸೇರಿದ್ದವು. ಮೊದಲ ಉತ್ತರಕ್ಕೇ ತೃಪ್ತರಾಗಿದ್ದರೆ ಫ್ಯೂಸ್ ಬದಲಾಯಿಸಿ ಸುಮ್ಮನಾಗುತ್ತಿದ್ದರು. ಕೆಲವೇ ತಿಂಗಳಲ್ಲಿ ಯಂತ್ರ ಮತ್ತೆ ನಿಲ್ಲುತ್ತಿತ್ತು. ನಿಜವಾದ ಪರಿಹಾರ ಒಂದು ಜರಡಿ.

ಆಲೆಮನೆಗೆ ಅನ್ವಯಿಸಿದರೆ

ಇದೇ ಕ್ರಮದಲ್ಲಿ ನಮ್ಮ ಬೆಲ್ಲವನ್ನು ಪ್ರಶ್ನಿಸೋಣ. ಬೆಲ್ಲ ಗಟ್ಟಿಗೊಳ್ಳಲಿಲ್ಲವೇಕೆ? ಕಬ್ಬಿನ ಹಾಲಿನಲ್ಲಿದ್ದ ಸುಕ್ರೋಸ್ ಎಂಬ ಸಕ್ಕರೆ ಒಡೆದು, ಸುಲಭವಾಗಿ ಹರಳುಗಟ್ಟದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿತ್ತು. ಒಡೆದದ್ದೇಕೆ? ಹಾಲು ಹುಳಿಯೇರಿತ್ತು. ಹುಳಿಯೇರಿದ್ದೇಕೆ? ಕಡಿದ ಕಬ್ಬು ಎರಡು ಮೂರು ದಿನ ಬಿಸಿಲಿನಲ್ಲಿ ಬಿದ್ದಿತ್ತು. ಬಿದ್ದಿದ್ದೇಕೆ? ಕೊಪ್ಪರಿಗೆ ಒಂದು ದಿನಕ್ಕೆ ಕಾಯಿಸಬಲ್ಲುದಕ್ಕಿಂತ ಹೆಚ್ಚು ಕಬ್ಬನ್ನು ಕಡಿಯಲಾಗಿತ್ತು. ಹೆಚ್ಚು ಕಡಿದದ್ದೇಕೆ? ಕೂಲಿ ಟನ್ನಿನ ಲೆಕ್ಕದ್ದು. ಕಡಿಯುವವರು ಗದ್ದೆಯನ್ನು ಒಮ್ಮೆಲೇ ಮುಗಿಸಿದರು. ಆಲೆಮನೆಯವರಿಗೂ ಕಡಿಯುವವರಿಗೂ ಮುಂಚಿತವಾಗಿ ಮಾತುಕತೆಯೇ ಆಗಿರಲಿಲ್ಲ.

ಬೈಸಿಕೊಂಡವನ ಹೆಸರು ಈ ಉತ್ತರಗಳಲ್ಲಿ ಎಲ್ಲಿಯೂ ಬರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅಂದಂದು ಅರೆಯುವಷ್ಟನ್ನೇ ಅಂದಂದು ಕಡಿಯುವ ಒಪ್ಪಂದವೇ ಇಲ್ಲಿಯ ಪರಿಹಾರ. ಮುಂದಿನ ಹಂತಕ್ಕೆ ಬೇಕಾದಷ್ಟನ್ನೇ, ಬೇಕಾದಾಗಲೇ ಒದಗಿಸುವುದು ಟೊಯೊಟಾ ವಿಧಾನದ ಮುಖ್ಯ ಸೂತ್ರವೂ ಹೌದು.

ಎರಡು ಎಚ್ಚರಿಕೆಗಳು

ಮೊದಲನೆಯದಾಗಿ, ಉತ್ತರಗಳನ್ನು ಜಗಲಿಯ ಮೇಲೆ ಕುಳಿತು ಊಹಿಸಬಾರದು. ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಬೇಕು. ಅದೇ ದಿನ ಕಡಿದ ಕಬ್ಬಿನ ಬೆಲ್ಲವೂ ಗಟ್ಟಿಯಾಗದಿದ್ದರೆ ನಮ್ಮ ಉತ್ತರ ತಪ್ಪೆಂದು ತಿಳಿದು ಬೇರೆ ಜಾಡು ಹಿಡಿಯಬೇಕು. ಎರಡನೆಯದಾಗಿ, ದೋಷಕ್ಕೆ ಒಂದೇ ಮೂಲವಿರಬೇಕೆಂದಿಲ್ಲ. ಬಲಿಯದ ಕಬ್ಬು, ಚೌಳು ಭೂಮಿ, ಅತಿಯಾದ ಸಾರಜನಕ ಗೊಬ್ಬರ, ಸುಣ್ಣದ ತಿಳಿಯ ಪ್ರಮಾಣದಲ್ಲಿ ಏರುಪೇರು, ತೆಗೆಯದೆ ಬಿಟ್ಟ ಕೊಳೆನೊರೆ, ಇವೆಲ್ಲವೂ ಬೆಲ್ಲವನ್ನು ಕೆಡಿಸಬಲ್ಲವು. ಜಪಾನಿನ ಕವೊರು ಇಷಿಕಾವಾ ಇದಕ್ಕಾಗಿಯೇ ಮೀನಿನ ಮುಳ್ಳಿನಂತಹ ನಕ್ಷೆಯೊಂದನ್ನು ರೂಪಿಸಿದರು. ತಲೆಯ ಕಡೆ ದೋಷವನ್ನು ಬರೆದು, ಒಂದೊಂದು ಮುಳ್ಳಿನ ಮೇಲೆ ಒಂದೊಂದು ಬಗೆಯ ಕಾರಣವನ್ನು ಬರೆಯುತ್ತ ಹೋಗುವುದು ಅದರ ಕ್ರಮ.

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆ ನಮ್ಮಲ್ಲಿದೆ. ಆಲೆಮನೆಯಲ್ಲಿ ಮಾತ್ರವಲ್ಲ, ಸಂಸಾರದಲ್ಲಿಯೂ ಕೈಗೆ ಸಿಕ್ಕವರ ಮೇಲೆ ತಪ್ಪು ಹೊರಿಸಿ ನಾವು ಹಗುರಾಗುತ್ತೇವೆ. ಮಗು ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಸೋಮಾರಿಯೆಂದು ಗದರುತ್ತೇವೆ. ಕರಿಹಲಗೆಯ ಅಕ್ಷರ ಅದರ ಕಣ್ಣಿಗೆ ಕಾಣುತ್ತಿದೆಯೇ ಎಂದು ವಿಚಾರಿಸುವುದಿಲ್ಲ. ‘ಯಾರು?’ ಎಂದು ಕೇಳಿದೊಡನೆ ಎದುರಿರುವವರು ಬಾಯಿ ಮುಚ್ಚುತ್ತಾರೆ. ‘ಏಕೆ?’ ಎಂದು ಶಾಂತವಾಗಿ ಕೇಳಿದರೆ ಅವರೇ ಮೂಲವನ್ನು ತೋರಿಸಿಕೊಡುತ್ತಾರೆ.