ಬಚ್ಚಲ ಮೂಲೆಯ ಬೂಷ್ಟು

ಸೊಲ್ಲಾಪುರ, ವಿಜಯಪುರ, ಕಲಬುರಗಿಗಳ ಕಡೆಯಿಂದ ಪುಣೆಗೆ ಬಂದು ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಊರಿನಿಂದ ಬಂದ ಖಡಕ್ ರೊಟ್ಟಿಯ ಗಂಟು ಒಂದಾದರೂ ಇರುವುದುಂಟು. ಅರಿವೆಯಲ್ಲಿ ಸುತ್ತಿಟ್ಟ ಆ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅದೇ ಹಿಟ್ಟಿನಿಂದ, ಅದೇ ಕೈಯಿಂದ, ಅದೇ ಹಂಚಿನ ಮೇಲೆ ಆದ ಮೆತ್ತನೆಯ ರೊಟ್ಟಿಯನ್ನಾದರೋ ಮಳೆಗಾಲದಲ್ಲಿ ಡಬ್ಬಿಯೊಳಗೆ ಮರೆತುಬಿಟ್ಟರೆ ಕೆಲವೇ ದಿನಗಳಲ್ಲಿ ಅದರ ಮೈಮೇಲೆ ಬಿಳಿಯ ನವಿರು ಏಳುತ್ತದೆ. ಅನಂತರ ಹಸಿರು ಅಥವಾ ಕಪ್ಪು ಪುಡಿ ಕಾಣಿಸಿಕೊಳ್ಳುತ್ತದೆ. ಇವೆರಡಕ್ಕೂ ಇರುವ ವ್ಯತ್ಯಾಸ ಒಂದೇ: ಮೊದಲನೆಯದರಲ್ಲಿ ನೀರಿನ ಅಂಶ ಆರಿಹೋಗಿದೆ, ಎರಡನೆಯದರಲ್ಲಿ ಉಳಿದಿದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಅಡಿಗೆಮನೆಯ ಬಚ್ಚಲ ಮೂಲೆಯಲ್ಲಿ ವರ್ಷವರ್ಷವೂ ಮೂಡುವ ಕಪ್ಪು ಕಲೆಯ ಕಥೆ ಅರ್ಧ ತಿಳಿದಂತೆಯೇ.

ಈ ಕಲೆಗೆ ನಾವು ಬೂಷ್ಟು ಎನ್ನುತ್ತೇವೆ. ನಮ್ಮ ಮರಾಠಿ ನೆರೆಯವರು ಬುರಶಿ ಎನ್ನುತ್ತಾರೆ. ಶಾಸ್ತ್ರದ ಪುಸ್ತಕಗಳಲ್ಲಿ ಇದು ಶಿಲೀಂಧ್ರಗಳ ಗುಂಪಿಗೆ ಸೇರಿದ್ದು. ಇದು ಸಸ್ಯವೂ ಅಲ್ಲ, ಪ್ರಾಣಿಯೂ ಅಲ್ಲ. ಎಲೆಗಳಲ್ಲಿರುವ ಪತ್ರಹರಿತ್ತು ಇದರಲ್ಲಿಲ್ಲವಾದ್ದರಿಂದ ಬಿಸಿಲಿನ ಬಲದಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಲಾರದು. ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಎಳೆಗಳನ್ನು ಚಾಚಿ, ಜೀರ್ಣರಸವನ್ನು ಹೊರಗೇ ಸುರಿಸಿ, ಕರಗಿದ ಆಹಾರವನ್ನು ಹೀರಿಕೊಳ್ಳುತ್ತದೆ. ನಾವು ಉಂಡು ಜೀರ್ಣಿಸುತ್ತೇವೆ. ಅದು ಜೀರ್ಣಿಸಿ ಉಣ್ಣುತ್ತದೆ. ಎಳೆಗಳು ಬಲಿತ ಮೇಲೆ ಅಸಂಖ್ಯವಾದ ಬೀಜಕಣಗಳು ಹುಟ್ಟುತ್ತವೆ. ನಮಗೆ ಕಾಣುವ ಬಣ್ಣ ಹೆಚ್ಚಾಗಿ ಇವುಗಳದೇ. ಒಂದೊಂದು ಕಣದ ಗಾತ್ರ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು; ಗಾಳಿ ಇರುವಲ್ಲೆಲ್ಲ ಇವು ತೇಲುತ್ತಿರುತ್ತವೆ. ಆದುದರಿಂದ ಬೂಷ್ಟಿನ ಬೀಜವೇ ಮನೆಯೊಳಗೆ ಬಾರದಂತೆ ಮಾಡುವೆನೆಂಬುದು ಆಗದ ಮಾತು. ಬಿದ್ದ ಬೀಜ ಮೊಳೆಯದಂತೆ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಮೊಳೆಯಲು ಅದಕ್ಕೆ ಬೇಕಾದವು ಹಿತವಾದ ಶಾಖ, ಅಷ್ಟಿಷ್ಟು ಆಹಾರ, ಮತ್ತು ತೇವ. ಪುಣೆಯ ಮಳೆಗಾಲದಲ್ಲಿ ಹಗಲಿರುಳು ಇರುವ ೨೦ರಿಂದ ೩೦ ಡಿಗ್ರಿ ಉಷ್ಣತೆ ನಮಗೆ ಹಿತವಾದಂತೆ ಅದಕ್ಕೂ ಹಿತವೇ. ಈ ಊರಿನ ಮಳೆ ಹೆಚ್ಚಿನದೇನಲ್ಲ. ವರ್ಷಕ್ಕೆ ಸುಮಾರು ೭೦ ಸೆಂಟಿಮೀಟರು, ನಮ್ಮ ಆಗುಂಬೆಯ ಮಳೆಯ ಹತ್ತರಲ್ಲೊಂದು ಪಾಲು. ಆದರೆ ಪಂಢರಪುರಕ್ಕೆ ಹೊರಟ ಪಾಲಖಿಗಳು ಪುಣೆಯನ್ನು ದಾಟುವ ದಿನಗಳಲ್ಲಿ ಮೋಡ ಕವಿಯಿತೆಂದರೆ ಗಣೇಶೋತ್ಸವದವರೆಗೂ ಆಗಸ ತಿಳಿಯಾಗುವುದು ಅಪರೂಪ. ಸುರಿಯುವುದು ಕಡಿಮೆ, ಜಿನುಗುವುದು ಹೆಚ್ಚು. ಹಗ್ಗದ ಮೇಲೆ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗದು. ಬಟ್ಟೆಯೇ ಒಣಗದಿರುವಾಗ ದಿನವೂ ಹತ್ತಾರು ಸಲ ನೀರು ಬೀಳುವ ಬಚ್ಚಲು ಒಣಗುವುದೆಂತು?

ಕಸಬಾ, ಶನಿವಾರ, ಸದಾಶಿವ ಮುಂತಾದ ಪೇಟೆಗಳ ಹಳೆಯ ವಾಡೆಗಳನ್ನು ನೀವು ಕಂಡಿರಬಹುದು. ಅಲ್ಲಿ ಅಡಿಗೆಮನೆಯ ಒಂದು ಮೂಲೆಗೆ ಗೇಣೆತ್ತರದ ಕಟ್ಟು ಕಟ್ಟಿ, ಒಳಗೆ ಕಲ್ಲು ಹಾಸಿ, ಪಾತ್ರೆ ತೊಳೆಯುವ ಸ್ಥಳವನ್ನು ಮಾಡಿರುತ್ತಾರೆ. ಮರಾಠಿಯಲ್ಲಿ ಇದು ಮೋರಿ. ನಮ್ಮಲ್ಲಿ ಮೋರಿಯೆಂದರೆ ಬೀದಿಯ ಚರಂಡಿಯಾದ್ದರಿಂದ, ಊರಿಂದ ಬಂದ ನೆಂಟರು ‘ಪಾತ್ರೆ ಮೋರಿಯಲ್ಲಿವೆ’ ಎಂಬ ಮಾತನ್ನು ಕೇಳಿ ಗಾಬರಿಯಾಗುವುದುಂಟು. ಹಾಸಿದ ಕಲ್ಲು ಬಹುಮಟ್ಟಿಗೆ ಶಹಾಬಾದಿ ಫರಶಿ. ಕಲಬುರಗಿ ಜಿಲ್ಲೆಯ ಶಹಾಬಾದಿನ ಹೆಸರನ್ನು ಹೊತ್ತು, ನಮ್ಮಲ್ಲಿ ಅನೇಕರಿಗಿಂತ ಮೊದಲೇ ಈ ಊರಿಗೆ ಬಂದು ನೆಲೆಸಿದ ಕನ್ನಡ ನಾಡಿನ ಕಲ್ಲು. ಕಲ್ಲಿನ ನಯವಾದ ಮೈಯಲ್ಲಿ ಬೂಷ್ಟು ಬೇಗ ಹತ್ತುವುದಿಲ್ಲ. ಕಲ್ಲುಕಲ್ಲಿನ ನಡುವಣ ಸಂದಿಯಲ್ಲಿ, ಕಟ್ಟಿನ ಸಿಮೆಂಟು ಬಿರಿದಲ್ಲಿ, ಗೋಡೆ ನೆಲಕ್ಕೆ ಕೂಡುವಲ್ಲಿ ಹತ್ತುತ್ತದೆ; ಅನ್ನದ ಗಂಜಿ, ಎಣ್ಣೆಯ ಜಿಡ್ಡು, ಸಾಬೂನಿನ ನೊರೆ ತಂಗುವುದು ಅಲ್ಲಿಯೇ.

ಹೊಸ ಮನೆಗಳಲ್ಲಿ ಮೋರಿ ಹೋಗಿ, ಅಡಿಗೆಯ ಕಟ್ಟೆಯಲ್ಲಿ ಉಕ್ಕಿನ ಸಿಂಕು ಬಂದಿದೆ. ಬೂಷ್ಟಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಸಿಂಕಿಗೂ ಕಲ್ಲಿಗೂ ನಡುವೆ ಬಳಿದ ಅಂಟಿನ ಗೆರೆ ಅದಕ್ಕೆ ಹೊಸ ನೆಲೆ. ಕೆಳಗೆ ಪ್ಲೈವುಡ್ಡಿನ ಬಾಗಿಲಿಟ್ಟ ಕಪಾಟನ್ನು ಮಾಡಿಸುತ್ತಾರೆ. ಒಳಗೆ ಕತ್ತಲೆ, ಗಾಳಿಯಿಲ್ಲ, ಕೊಳವೆಯ ಕೀಲಿನಿಂದ ತೊಟ್ಟಿಕ್ಕುವ ನೀರು, ತಿನ್ನಲು ಮರ. ಮೋರಿಯಲ್ಲಿ ಕೊಳೆ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ಬಾಗಿಲು ಮುಚ್ಚಿದೊಡನೆ ಮರೆತುಹೋಗುತ್ತದೆ. ಈ ವಿಷಯದಲ್ಲಿ ನಮ್ಮ ಅಜ್ಜಿಯರ ಮೋರಿಯೇ ಮೇಲೆಂಬುದು ನನ್ನ ಅಭಿಪ್ರಾಯ.

ಇಷ್ಟು ಕ್ಷುದ್ರವಾದ ಕಲೆಯಿಂದ ಏನು ಕೇಡು ಎಂದು ಕೇಳಬಹುದು. ಆರೋಗ್ಯವಂತರಿಗೆ ಬಹುಶಃ ಸೀನು, ಮೂಗು ಸೋರುವುದು ಇಷ್ಟೇ. ದಮ್ಮಿನ ರೋಗವುಳ್ಳವರ ಮಾತು ಬೇರೆ. ಬೀಜಕಣಗಳು ಉಸಿರಿನೊಡನೆ ಒಳಹೋದರೆ ಅವರಿಗೆ ರೋಗ ಕೆರಳುವುದುಂಟು. ತೇವದ ಮನೆಗೂ ದಮ್ಮು, ಕೆಮ್ಮುಗಳಿಗೂ ಇರುವ ಸಂಬಂಧವನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ನನ್ನ ತಾಯಿಯೂ ದಮ್ಮಿನವರೇ. ಈ ಲೇಖನವನ್ನು ಬರೆಯಲು ಅದೇ ಕಾರಣ.

ಬೂಷ್ಟೆಲ್ಲವೂ ವೈರಿಯಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ೧೯೨೮ರಲ್ಲಿ ಲಂಡನ್ನಿನಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗರ ತಟ್ಟೆಯೊಂದರಲ್ಲಿ ಕರೆಯದೆ ಬಂದು ಬೆಳೆದ ಬೂಷ್ಟಿನಿಂದಲೇ ಪೆನಿಸಿಲಿನ್ ದೊರೆಯಿತು. ನಮ್ಮ ಪಿಂಪರಿಯಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆಯು ಮರುವರ್ಷವೇ ಅದನ್ನು ತಯಾರಿಸತೊಡಗಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಮೈಸೂರು ನಾಡಿನವರಾದ ಶಿಲೀಂಧ್ರ ಶಾಸ್ತ್ರಜ್ಞ ಎಂ. ಜೆ. ತಿರುಮಲಾಚಾರ್ ಅವರು ಅದೇ ಕಾರ್ಖಾನೆಯ ಸಂಶೋಧನಾಲಯದಲ್ಲಿದ್ದಾಗ, ೧೯೬೦ರ ಸುಮಾರಿಗೆ, ಶಿಲೀಂಧ್ರಗಳನ್ನೇ ಕೊಲ್ಲುವ ಹ್ಯಾಮೈಸಿನ್ ಎಂಬ ಔಷಧಿಯನ್ನು ಕಂಡುಹಿಡಿದರು. ಅದನ್ನು ಸೃಜಿಸುವ ಸೂಕ್ಷ್ಮಜೀವಿಗೆ ಅವರು ಇಟ್ಟ ಹೆಸರಿನಲ್ಲಿ ಪಿಂಪರಿಯ ಹೆಸರೂ ಸೇರಿದೆ. ಆದರೆ ಅದು ರೋಗಿಗಳಿಗಾಗಿ ಇದ್ದ ಮದ್ದು. ಬಚ್ಚಲಿಗೆ ಬೇಕಾದದ್ದು ಕುಂಚಿಗೆ.

ತೊಳೆಯುವ ಕ್ರಮ ಸುಲಭವಾದುದು. ಮೊದಲು ಕಿಟಕಿ ತೆರೆಯಬೇಕು. ಮೂಗು ಬಾಯಿಗೆ ಮುಸುಕು, ಕೈಗೆ ರಬ್ಬರಿನ ಚೀಲ ಇರಬೇಕು. ಒಣಗಿದ ಬೂಷ್ಟನ್ನು ಹಾಗೆಯೇ ಕೆರೆದರೆ ಬೀಜಕಣಗಳು ಮನೆಯೆಲ್ಲ ಹಾರುತ್ತವೆ. ಆದುದರಿಂದ ಮೊದಲು ಒದ್ದೆ ಮಾಡಿ, ಬಿಸಿನೀರಿನಲ್ಲಿ ಕರಗಿಸಿದ ಸಾಬೂನಿನಿಂದಲೋ ಬಟ್ಟೆ ಸೋಡಾದಿಂದಲೋ ಗಟ್ಟಿಯಾದ ಕುಂಚಿಗೆಯಿಂದ ಉಜ್ಜತಕ್ಕದ್ದು. ಸತ್ತ ಬೂಷ್ಟು ಸಹ ಸೀನು ತರಿಸಬಲ್ಲುದು. ಕೊಂದರೆ ಸಾಲದು, ತೆಗೆಯಬೇಕು. ಕಲೆ ಮೊಂಡಾಗಿದ್ದರೆ ಮಾತ್ರ ಮನೆಬಳಕೆಯ ದ್ರವ ಬ್ಲೀಚಿನ ೧ ಪಾಲಿಗೆ ಕಡಿಮೆಯೆಂದರೆ ೧೬ ಪಾಲು ತಣ್ಣೀರು ಬೆರೆಸಿ ಬಳಿದು, ಸ್ವಲ್ಪ ಹೊತ್ತಿನ ಮೇಲೆ ತೊಳೆಯಬಹುದು. ಕೊನೆಗೆ ಒಣ ಅರಿವೆಯಿಂದ ಒರೆಸಬೇಕು. ಇದನ್ನು ಬಿಟ್ಟರೆ ಮೊದಲು ಮಾಡಿದ್ದೆಲ್ಲ ವ್ಯರ್ಥ. ಬೂಷ್ಟಿನ ಎಳೆ ಒಳಗಿಳಿದ ಪ್ಲೈವುಡ್ಡನ್ನು ಮಾತ್ರ ಎಷ್ಟು ಉಜ್ಜಿದರೂ ಫಲವಿಲ್ಲ; ತೆಗೆದು ಹಾಕುವುದೇ ಲೇಸು.

ಇಲ್ಲಿ ನಮ್ಮ ಮನೆಯಲ್ಲಿ ನಡೆದುದನ್ನು ಹೇಳಲೇಬೇಕು. ಎರಡು ವರ್ಷದ ಕೆಳಗೆ ಶ್ರಾವಣದ ಒಂದು ಬೆಳಿಗ್ಗೆ ತಾಯಿಯವರು ಮೋರಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದರು. ಕಲೆ ಹೋಗಲಿಲ್ಲ. ಪಾಯಖಾನೆ ತೊಳೆಯುವ ಆಸಿಡ್ಡಿನ ಬಾಟಲಿಯನ್ನು ತಂದು ಅದರ ಮೇಲೆಯೇ ಸುರಿದರು. ನಾನು ಹೊರಕೋಣೆಯಲ್ಲಿ ನಿಮ್ಮ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಕಟುವಾದ ವಾಸನೆ ಬಂದು, ಕೆಮ್ಮು ಕೇಳಿ ಓಡಿಹೋದಾಗ ಅವರು ಗೋಡೆ ಹಿಡಿದು ನಿಂತಿದ್ದರು; ಉಸಿರು ಸಿಕ್ಕುತ್ತಿರಲಿಲ್ಲ. ಎತ್ತಿಕೊಂಡು ಹೊರಗಿನ ಪಡಸಾಲೆಗೆ ತಂದು, ಅಲ್ಲಿಂದ ವೈದ್ಯರ ಬಳಿಗೆ ಕರೆದೊಯ್ದೆ. ಸಂಜೆಗೆ ಸ್ವಲ್ಪ ಚೇತರಿಸಿಕೊಂಡು, “ಎರಡೂ ಹಾಕಿದರ ಲಗೂನ ಹೋಗ್ತದ ಅಂತ ಹಾಕಿದ್ನೆಪಾ” ಎಂದರು. ಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಹೇಳುವ ನಾನು ಮನೆಯಲ್ಲಿ ಒಂದು ಮಾತು ಹೇಳಿರಲಿಲ್ಲ.

ಬ್ಲೀಚಿಗೆ ಆಮ್ಲ ಕೂಡಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ೧೯೧೫ರ ಏಪ್ರಿಲಿನಲ್ಲಿ ಬೆಲ್ಜಿಯಮ್ಮಿನ ಈಪ್ರ್ ಎಂಬಲ್ಲಿ ಜರ್ಮನ್ ಸೇನೆ ವೈರಿಗಳ ಮೇಲೆ ಹರಿಯಬಿಟ್ಟದ್ದು ಇದೇ ಅನಿಲವನ್ನು. ಗಾಳಿಗಿಂತ ಭಾರವಾದ್ದರಿಂದ ಅದು ನೆಲದ ಮಟ್ಟದಲ್ಲಿಯೇ ನಿಲ್ಲುತ್ತದೆ. ಮೋರಿಯ ಮುಂದೆ ಬಾಗಿ ಕುಳಿತವರ ಮುಖವೂ ಅಲ್ಲಿಯೇ ಇರುತ್ತದಷ್ಟೆ. ಹುಳಿ ವಿನಿಗರ್ ಸೇರಿದರೂ ಇದೇ ಫಲ. ಅಮೋನಿಯಾ ಇರುವ ದ್ರವ ಸೇರಿದರೆ ಬೇರೊಂದು ವಿಷವಾಯು. ಬ್ಲೀಚಿನೊಡನೆ ನೀರನ್ನಲ್ಲದೆ ಬೇರೇನನ್ನೂ ಬೆರೆಸಕೂಡದು. ಅಲ್ಲದೆ ಶಹಾಬಾದಿ ಕಲ್ಲು ಸುಣ್ಣಕಲ್ಲಿನ ಜಾತಿಯದು. ಆಸಿಡ್ಡು ಬಿದ್ದಾಗ ನೊರೆಯೇಳುವುದನ್ನು ಕಂಡು ಕೊಳೆ ಹೋಗುತ್ತಿದೆಯೆಂದು ಹಿಗ್ಗುತ್ತೇವೆ, ಹೋಗುತ್ತಿರುವುದು ಕಲ್ಲು. ಮೈ ತರಿತರಿಯಾದ ಕಲ್ಲಿನಲ್ಲಿ ಮುಂದಿನ ವರ್ಷದ ಬೂಷ್ಟು ಇನ್ನೂ ಸುಖವಾಗಿ ಕೂಡುತ್ತದೆ.

ಬಾರದಂತೆ ತಡೆಯಲು ಇಷ್ಟು ಸಾಹಸ ಬೇಡ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಮೂಲೆಗಳನ್ನು ಒಣ ಅರಿವೆಯಿಂದ ಒರೆಸಿ, ಆ ಅರಿವೆಯನ್ನೂ ತಿಕ್ಕುವ ನಾರನ್ನೂ ಹಿಂಡಿ ತೂಗುಹಾಕುವುದು. ಕಪಾಟಿನ ಬಾಗಿಲನ್ನು ರಾತ್ರಿ ತೆರೆದಿಡುವುದು. ಒದ್ದೆಯಾದ ಜಾಗವನ್ನು ಒಂದೆರಡು ದಿನದೊಳಗೆ ಒಣಗಿಸುವುದು. ಐದು ನಿಮಿಷದ ಈ ಕೆಲಸ ಅಕ್ಕತಂಗಿಯರಿಗೇ ಮೀಸಲೆಂದು ಹುಡುಗರು ತಿಳಿಯಬೇಕಾಗಿಲ್ಲ. ಮಳೆ ಹೋದ ಮೇಲೆ ದೀಪಾವಳಿಗೆ ಗೋಡೆಗೆ ಸುಣ್ಣ ಬಳಿಯುವ ರೂಢಿ ಅಂದಕ್ಕಾಗಿ ಮಾತ್ರವಲ್ಲ. ಹೊಸ ಸುಣ್ಣದ ತೀವ್ರವಾದ ಕ್ಷಾರದಲ್ಲಿ ಬೂಷ್ಟು ಬೆಳೆಯಲಾರದು. ಗೋಡೆಯ ತೇವವೂ ಅದರ ಮೂಲಕ ಹೊರಬಿದ್ದು ಆರುತ್ತದೆ. ಎಣ್ಣೆಬಣ್ಣ ಬಳಿದ ಗೋಡೆಯಲ್ಲಿ ತೇವ ಒಳಗೇ ಸಿಕ್ಕಿಕೊಂಡು ಬಣ್ಣ ಹಪ್ಪಳದಂತೆ ಏಳುತ್ತದೆ.

ಒರೆಸಿದರೂ ಕಲೆ ಮರಳಿ ಬರುತ್ತಿದ್ದರೆ ನೀರು ಎಲ್ಲಿಂದಲೋ ಸೋರುತ್ತಿದೆಯೆಂದೇ ಅರ್ಥ. ಹುಡುಕುವ ಉಪಾಯ ಹೀಗಿದೆ: ರಾತ್ರಿ ಮಲಗುವ ಮುನ್ನ ಕೊಳವೆಯ ಪ್ರತಿಯೊಂದು ಕೀಲಿಗೂ ಒಣಗಿದ ಪತ್ರಿಕೆಯ ಕಾಗದವನ್ನು ಸುತ್ತಿ ದಾರ ಕಟ್ಟಿರಿ, ಗೋಡೆಯ ಬುಡಕ್ಕೂ ಒಂದು ಹಾಳೆ ಒತ್ತಿಡಿರಿ. ಬೆಳಿಗ್ಗೆ ಯಾವುದು ಒದ್ದೆಯಾಗಿದೆಯೋ ಅಲ್ಲಿ ದೋಷ. ನಮ್ಮ ಮನೆಯಲ್ಲಿ ಕೀಲುಗಳ ಕಾಗದವೆಲ್ಲ ಒಣಗಿಯೇ ಇದ್ದು, ಗೋಡೆಯ ಬುಡದ್ದು ಮಾತ್ರ ನೆನೆದಿತ್ತು. ಗೋಡೆಯ ಆಚೆ ನೆರೆಮನೆಯ ಕಾಕೂ ಅವರ ಮೋರಿ. ಅವರ ಕಡೆಯ ಮೂಲೆಯೂ ಕಪ್ಪಾಗಿತ್ತು; ನಮ್ಮ ನೀರು ಅವರ ಕಡೆಗೆ ಬರುತ್ತಿದೆಯೆಂದು ಅವರೂ ಬಹುದಿನದಿಂದ ಭಾವಿಸಿದ್ದರು. ಪ್ಲಂಬರನು ಬಂದು ಫರಶಿ ಎಬ್ಬಿಸಿ ನೋಡಿದಾಗ ಎರಡೂ ಮನೆಗೆ ಸೇರಿದ ಹಳೆಯ ಕಬ್ಬಿಣದ ಕೊಳವೆ ತುಕ್ಕು ಹಿಡಿದು ಸೀಳಿತ್ತು. ಖರ್ಚನ್ನು ಅರ್ಧರ್ಧ ಹಂಚಿಕೊಂಡೆವು. ಗೋಡೆ ಪೂರ್ತಿ ಒಣಗಲು ಎರಡು ತಿಂಗಳು ಹಿಡಿಯಿತು. ಆ ಮೇಲೆ ಸುಣ್ಣ ಬಳಿಸಿದೆವು. ಕಳೆದ ಶ್ರಾವಣದಲ್ಲಿ ಮೂಲೆ ಬೆಳ್ಳಗೇ ಇತ್ತು.