ಕಡಲಾಮೆಗಳ ಆರೋಗ್ಯಶಾಲೆ

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೊರಡುವವನ ಮಾತು ನಮ್ಮ ಜನಕ್ಕೆ ಹೊಸದಲ್ಲ. ಕಡಲಾಮೆಗಳ ರಕ್ಷಣೆಯ ವಿಷಯದಲ್ಲಿಯೂ ಈ ಲೋಕೋಕ್ತಿಯು ಸಲ್ಲತಕ್ಕುದೆಂಬುದಕ್ಕೆ ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ 2021ರ ಫೆಬ್ರುವರಿಯಲ್ಲಿ ನಡೆದ ಸಂಗತಿಯೇ ಸಾಕ್ಷಿ.

ಕಡಲಿನ ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಾದರೆ ಆಮೆಯ ಅವಯವಗಳು ಮರಗಟ್ಟುತ್ತವೆ. ಉಸಿರಿಗಾಗಿ ತಲೆಯೆತ್ತಲಾರದೆ ಅದು ನೀರಿನಲ್ಲಿಯೇ ಮುಳುಗಿ ಸಾಯುತ್ತದೆ. ಆ ತಿಂಗಳ ಹಿಮಗಾಳಿಗೆ ಸಿಕ್ಕಿ ಸಹಸ್ರಾರು ಹಸಿರು ಕಡಲಾಮೆಗಳು ಜಡಗೊಂಡುವು. ಸೌತ್ ಪಾಡ್ರೆ ದ್ವೀಪದಲ್ಲಿ ಈಲಾ ಲೋಟ್ಷರ್ ಎಂಬ ಮಹಿಳೆಯು 1977ರಲ್ಲಿ ಸ್ಥಾಪಿಸಿದ 'ಸೀ ಟರ್ಟಲ್ ಇಂಕ್' ಸಂಸ್ಥೆಯಲ್ಲಿ ಸ್ಥಳವು ಸಾಲದೆ ಹೋಯಿತು, ವಿದ್ಯುಚ್ಛಕ್ತಿಯೂ ನಿಂತಿತು. ಊರಿನವರು ದೋಣಿಗಳಲ್ಲಿಯೂ ವಾಹನಗಳಲ್ಲಿಯೂ ಹೊತ್ತು ತಂದ ಸುಮಾರು 5,000 ಆಮೆಗಳನ್ನು ಸಾರ್ವಜನಿಕ ಸಭಾಭವನದ ನೆಲದ ಮೇಲೆ ಸಾಲಾಗಿ ಇರಿಸಬೇಕಾಯಿತು. ಬದುಕಿದವನ್ನು ಮರಳಿ ಕಡಲಿಗೆ ಬಿಟ್ಟರು. ಆ ಜನರ ಭೂತದಯೆಯು ಸ್ತುತ್ಯವೇ ಸರಿ. ಆದರೆ 44 ವರ್ಷಗಳ ಅನುಭವವುಳ್ಳ ಸಂಸ್ಥೆಗೇ ಇಂತಹ ಇಕ್ಕಟ್ಟು ಒದಗಿತೆಂದರೆ, ಸಂಸ್ಥೆಯೇ ಇಲ್ಲದ ಕಡೆ ಗತಿಯೇನು?

ಆರೈಕೆಯೊಂದೇ ಸಾಕೆಂದೂ ಭಾವಿಸಲಾಗದು. ಗಾಯಕ್ಕೆ ಪಟ್ಟಿ ಕಟ್ಟುವವನು ಗಾಯವೇಕಾಯಿತೆಂದು ವಿಚಾರಿಸದಿದ್ದರೆ ನಾಳೆಯೂ ಪಟ್ಟಿಯನ್ನೇ ಕಟ್ಟುತ್ತಿರಬೇಕು. ಸೀಗಡಿಯ ಬಲೆಗಳಲ್ಲಿ ಆಮೆಗಳು ಉಸಿರುಕಟ್ಟಿ ಸಾಯುತ್ತಿವೆಯೆಂದು ಕಂಡುಕೊಂಡುದರಿಂದಲೇ, ಅವು ನುಸುಳಿ ಹೊರಬೀಳುವಂತೆ ಬಲೆಯೊಳಗೆ ಸರಳುಗಳ ಚೌಕಟ್ಟನ್ನಿಡುವ ಉಪಾಯವು ಹುಟ್ಟಿತು. 1987ರಲ್ಲಿ ಅಮೆರಿಕದ ಸರಕಾರವು ಅದಕ್ಕಾಗಿ ನಿಯಮಗಳನ್ನೂ ಮಾಡಿತು. ಆದುದರಿಂದ ಆರೋಗ್ಯಶಾಲೆಯೂ ಸಂಶೋಧನಾಲಯವೂ ಒಂದೇ ಸೂರಿನಡಿ ಇರತಕ್ಕುದೆಂದು ನಮ್ಮ ಅಭಿಮತ.

ಇದು ದೂರದೇಶದ ಮಾತೆಂದು ವಾಚಕರು ತಳ್ಳಿಹಾಕದಿರಲಿ. ನಮ್ಮ ಕರಾವಳಿಗೆ ಹಿಮಗಾಳಿಯ ಭಯವಿಲ್ಲ, ಬಲೆಯ ಭಯವುಂಟು. ಹೊನ್ನಾವರದ ಕಾಸರಕೋಡು, ಕುಂದಾಪುರದ ಕೋಡಿ ಮೊದಲಾದ ತೀರಗಳಿಗೆ ಆಲಿವ್ ರಿಡ್ಲಿ ಜಾತಿಯ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಮೀನುಗಾರ ಬಂಧುಗಳೂ ಅರಣ್ಯ ಇಲಾಖೆಯವರೂ ಆ ಮೊಟ್ಟೆಗಳನ್ನು ಕಾಯುತ್ತಿರುವುದು ಶ್ಲಾಘನೀಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಇವುಗಳಿಗೆ ಅತ್ಯುನ್ನತ ರಕ್ಷಣೆಯನ್ನಿತ್ತಿದೆ. ಆದರೆ ಬಲೆಯ ತುಂಡಿಗೆ ಸಿಲುಕಿ, ಈಜುಗಾಲು ಕತ್ತರಿಸಿಕೊಂಡು ದಡಕ್ಕೆ ಬಿದ್ದ ಆಮೆಗೆ ಕಾಯಿದೆಯ ಪುಸ್ತಕವು ಔಷಧವಾಗಲಾರದು.

ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಮಹಾವಿದ್ಯಾಲಯವಿದೆ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ವಿದ್ಯೆಗೆ ಕೊರತೆಯಿಲ್ಲ, ಕಡಲನ್ನು ಬಲ್ಲ ಜನಕ್ಕೂ ಕೊರತೆಯಿಲ್ಲ. ಇವರೆಲ್ಲರನ್ನೂ ಒಂದುಗೂಡಿಸುವ ಮನೆಯೊಂದು ಬೇಕು. ಶುದ್ಧ ಕಡಲನೀರಿನ ತೊಟ್ಟಿಗಳು, ನುರಿತ ಪಶುವೈದ್ಯರು, ಸತ್ತ ಆಮೆಯ ಸಾವಿನ ಕಾರಣವನ್ನು ಪರೀಕ್ಷಿಸುವ ಕೊಠಡಿ, ವಿದ್ಯುತ್ತು ನಿಂತರೂ ನಿಲ್ಲದ ಯಂತ್ರಗಳು—ಇಷ್ಟಾದರೂ ಅಲ್ಲಿರಬೇಕು. ಅದರ ಆಡಳಿತದಲ್ಲಿ ಮೀನುಗಾರರಿಗೆ ಸ್ಥಾನವಿರಲೇಬೇಕು. ಗಾಯಗೊಂಡ ಆಮೆಯನ್ನು ಮೊದಲು ಕಾಣುವವರು ಅವರೇ; ಅದನ್ನು ಬಿಡಿಸಲು ಬಲೆಯನ್ನು ಕೊಯ್ದರೆ ನಷ್ಟಕ್ಕೊಳಗಾಗುವವರೂ ಅವರೇ. ಆ ನಷ್ಟವನ್ನು ತುಂಬಿಕೊಡದೆ ಅವರಿಂದ ದಯೆಯನ್ನು ಮಾತ್ರ ನಿರೀಕ್ಷಿಸುವುದು ನ್ಯಾಯವಲ್ಲ. ಮುಂದಿನ ಆಯವ್ಯಯದಲ್ಲಿ ಈ ಎರಡಕ್ಕೂ ಹಣವನ್ನು ತೆಗೆದಿರಿಸಬೇಕೆಂದು ಸರಕಾರದವರನ್ನು ನಾವು ಒತ್ತಾಯಪಡಿಸುತ್ತೇವೆ.