ವಿಶ್ವತಂತುವಿನ ಕುಣಿಕೆ ಕರಗುವ ಬಗೆ

ಎಳೆಯ ವಿಶ್ವ ತಣಿಯುವಾಗ ಪ್ರೋಟಾನಿಗಿಂತ ತೆಳುವಾದ, ಅಪಾರ ರಾಶಿಯ ವಿಶ್ವತಂತುಗಳು ಮೂಡಿರಬಹುದೆಂದು ಟಾಮ್ ಕಿಬಲ್ 1976ರಲ್ಲಿ ಸೂಚಿಸಿದರು. ಇವು ಇನ್ನೂ ಯಾರಿಗೂ ಕಂಡಿಲ್ಲ. ತಂತು ತನ್ನನ್ನೇ ಅಡ್ಡಹಾಯ್ದರೆ ಒಂದು ಕುಣಿಕೆ ತುಂಡಾಗಿ ಬೇರ್ಪಡುತ್ತದೆ. ಬೆಳಕಿಗೆ ಸಮೀಪದ ವೇಗದಲ್ಲಿ ಕಂಪಿಸುತ್ತ ಗುರುತ್ವ ಅಲೆಗಳನ್ನು ಸೂಸಿ ಕುಗ್ಗುತ್ತದೆ. ಹೀಗೆ ಕರಗದಿದ್ದರೆ ತಂತುಗಳ ಶಕ್ತಿಯೇ ವಿಶ್ವವನ್ನು ಆಳುತ್ತಿತ್ತು.

ದೊಡ್ಡ ಕುಣಿಕೆ ಹೆಚ್ಚು ಶಕ್ತಿ ಸೂಸಬೇಕಲ್ಲವೆ ಎಂದು ನೀವು ಕೇಳಬಹುದು. ಇಲ್ಲ! ರಾಶಿ ಹೆಚ್ಚಿದಂತೆ ಕಂಪನ ನಿಧಾನವಾಗುತ್ತದೆ. ಎರಡೂ ಸರಿದೂಗಿ, ಸೆಕೆಂಡಿಗೆ ಸೂಸುವ ಶಕ್ತಿ ಎಲ್ಲ ಗಾತ್ರಕ್ಕೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಕುಣಿಕೆಯ ಉದ್ದ ಇಮ್ಮಡಿಯಾದರೆ ಆಯುಸ್ಸೂ ಇಮ್ಮಡಿ.

ಪಲ್ಸಾರ್‌ಗಳ ಮಿಡಿತದಲ್ಲಿ 2023ರಲ್ಲಿ ಗುರುತ್ವ ಅಲೆಗಳ ಸುಳಿವು ಸಿಕ್ಕಿತು. ಪುಣೆ ಸಮೀಪದ ಜಿ.ಎಂ.ಆರ್.ಟಿ. ದೂರದರ್ಶಕದ ದತ್ತಾಂಶವೂ ಅದರಲ್ಲಿತ್ತು. ಅವು ಜೋಡಿ ಕೃಷ್ಣವಿವರಗಳವು ಎಂಬ ವಾದವೇ ಪ್ರಬಲ. ಆದರೂ ಕುಣಿಕೆಗಳನ್ನು ಪಟ್ಟಿಯಿಂದ ಅಳಿಸಿಲ್ಲ.